ಸೋದರಳಿಯನಿಗೆ ಒಂದು ಗಡುವಿನ ಕಾಗದ

ಸಾಗರ
ಜೂನ್ ಮೊದಲ ವಾರ

ಪ್ರೀತಿಯ ಪುಟ್ಟೂಗೆ ಅತ್ತೆಯ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಳೆ ಹಿಡಿದಿದೆ, ನಿಮ್ಮ ಮಾವನ ಮಂಡಿನೋವೂ ಹಿಡಿದಿದೆ. ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಬೆಂಗಳೂರಿನ ಕಂಪನಿಯವರು ಕ್ಯಾಂಪಸ್ಸಿಗೆ ಬಂದು ನಿನ್ನನ್ನು ಆರಿಸಿದ್ದಾರೆ. ನಿಮ್ಮಪ್ಪ ಸರ್ಕಾರಿ ಪರೀಕ್ಷೆಗೆ ಓದು ಅಂತಾನೆ. ನಿಮ್ಮಮ್ಮ ಬಾಯಿಬಿಟ್ಟು ಹೇಳಿಲ್ಲ, ಆದರೆ ಮಗ ಅಡಿಕೆ ತೋಟ ನೋಡಿಕೊಂಡು ಕಣ್ಣೆದುರಿಗೇ ಇರಲಿ ಅಂತ ಅವಳ ಆಸೆ. "ಮೂರರಲ್ಲಿ ಯಾವುದು ಸರಿ ಅತ್ತೆ?" ಅಂತ ಕೇಳಿದ್ದೀಯ.

ಫೋನಿನಲ್ಲಿ ಹೇಳಿದರೆ "ಹೂಂ ಅತ್ತೆ, ಹೂಂ ಅತ್ತೆ" ಅಂತ ಮುಗಿಸಿಬಿಡ್ತೀಯ. ಅದಕ್ಕೇ ಕಾಗದ.

ನಾನು ಪಾಠ ಮಾಡಿದವಳಲ್ಲ. ಕಾಲೇಜಿನ ಆಫೀಸಿನಲ್ಲಿ ಕೂತು ರಿಟೈರ್ ಆದವಳು. ಮೇಷ್ಟ್ರುಗಳು ಹುಡುಗರನ್ನು ನೋಡುವುದು ಮೂರು ವರ್ಷ. ಕೌಂಟರಿನವರಿಗೆ ಅವರು ಆಮೇಲೂ ಕಾಣುತ್ತಾರೆ. ಟಿ.ಸಿ.ಗೆ ಬರುತ್ತಾರೆ, ಮಾರ್ಕ್ಸ್ ಕಾರ್ಡ್ ಕಳೆದುಕೊಂಡು ಬರುತ್ತಾರೆ, ವೆರಿಫಿಕೇಶನ್‌ಗೆ ಅಂತ ಬರುತ್ತಾರೆ. "ಈಗೇನು ಮಾಡ್ತಿದ್ದೀಯಪ್ಪ?" ಅಂತ ಕೇಳುವುದು ನನ್ನ ಚಟ. ಬೆಂಗಳೂರಿಗೆ ಹೋಗಿ ಕೆಟ್ಟವರು, ಪರೀಕ್ಷೆ ಬರೆದು ಕೆಟ್ಟವರು, ತೋಟಕ್ಕೆ ಬಂದು ಕೆಟ್ಟವರು ನನಗೆ ಜಾಸ್ತಿ ಕಂಡಿಲ್ಲ. ಕಂಡದ್ದು ಬೇರೆ ಥರದವರು. ಸದ್ಯಕ್ಕೆ ಇರಲಿ ಅಂತ ಒಂದು ಕಡೆ ಕೂತವರು, ಎಷ್ಟು ದಿನ ಅಂತ ಗೊತ್ತುಮಾಡಿಕೊಳ್ಳದೆ ಕೂತವರು. ಹಾಗಾಗಿ ಯಾವ ದಾರಿ ಅಂತ ನೀನು ಕೇಳಿದ್ದಕ್ಕೆ ಮೊದಲು, ಎಷ್ಟು ದಿನ ಅಂತ ನಾನು ಕೇಳುತ್ತೇನೆ.

ನಿಮ್ಮಪ್ಪನ ಮಾತಿನಿಂದಲೇ ಶುರು ಮಾಡೋಣ. ಪರ್ಮನೆಂಟ್ ಕೆಲಸ ಅಂದರೆ ನಮ್ಮ ಕಾಲದವರಿಗೆ ದೇವರ ಪ್ರಸಾದ. ಭದ್ರಾವತಿಯಲ್ಲಿ ಕಬ್ಬಿಣದ ಫ್ಯಾಕ್ಟರಿ ಅಥವಾ ಪೇಪರ್ ಮಿಲ್ಲಿನ ಕೆಲಸ ಅಂದರೆ ಕಣ್ಣುಮುಚ್ಚಿ ಹೆಣ್ಣು ಕೊಡುತ್ತಿದ್ದರು. ಪೇಪರ್ ಮಿಲ್ಲು 1936ರಲ್ಲಿ ಶುರುವಾದದ್ದು, ಅದರಲ್ಲಿ ಕಾಗದ ತಯಾರಿ ನಿಂತು ಎಷ್ಟೋ ವರ್ಷ ಆಯಿತು. ನಿಮ್ಮಪ್ಪನಿಗೂ ಇದು ಗೊತ್ತು. ಆದರೆ ಸರ್ಕಾರದ್ದು ಹಾಗಾಗಲ್ಲ ಅನ್ನುತ್ತಾನೆ. ಕೆಲಸ ಸಿಕ್ಕಿದ ಮೇಲೆ ಹಾಗಾಗಲ್ಲ, ಸರಿ. ಸಿಗುವವರೆಗಿನ ಕಥೆ?

545 ಪಿ.ಎಸ್.ಐ. ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕೆ.ಪಿ.ಎಸ್.ಸಿ.ಯ 384 ಹುದ್ದೆಗಳ ಪ್ರಿಲಿಮ್ಸ್ 2024ರ ಆಗಸ್ಟ್‌ನಲ್ಲಿ ನಡೆದು, ಕನ್ನಡ ಅನುವಾದದ ಎಡವಟ್ಟಿನಿಂದ ಡಿಸೆಂಬರ್‌ನಲ್ಲಿ ಇನ್ನೊಂದು ಸಲ ನಡೆಯಿತು. ಕಷ್ಟಪಟ್ಟು ಓದಿದ ಹುಡುಗರದ್ದು ಇದರಲ್ಲಿ ಏನು ತಪ್ಪು? ಏನೂ ಇಲ್ಲ. ಆದರೆ ವಯಸ್ಸಿಗೆ ಯಾರೂ ಸ್ಟೇ ಕೊಡಲಿಲ್ಲ, ಅಲ್ವಾ?

ಒಬ್ಬ ಹುಡುಗ ನೆನಪಾಗುತ್ತಾನೆ. ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದವನು. ಮಾರ್ಕ್ಸ್ ಕಾರ್ಡಿನ ಡೂಪ್ಲಿಕೇಟ್ ಬೇಕು ಅಂತ ಬಂದ. ಬೀರುವಿನಿಂದ ಅವನ ಹಳೇ ಅಡ್ಮಿಷನ್ ಅರ್ಜಿ ತೆಗೆದೆ. ಅದಕ್ಕೆ ಅಂಟಿಸಿದ್ದ ಫೋಟೋ ನೋಡಿ "ಇದು ನಾನೇನಾ ಮೇಡಂ?" ಅಂತ ನಕ್ಕ. ಮುಂದಿನ ಕೂದಲು ಅರ್ಧ ಹೋಗಿತ್ತು. ಜಾಣ ಹುಡುಗ, ಎರಡು ಸಲ ಕೆಲವೇ ಮಾರ್ಕಿನಲ್ಲಿ ತಪ್ಪಿತ್ತಂತೆ. "ಇನ್ನೊಂದೇ ಸಲ ನೋಡ್ತೀನಿ" ಅಂದ. ಆ ಮಾತನ್ನು ಅವನು ಮೊದಲ ಸಲ ಹೇಳುತ್ತಿರಲಿಲ್ಲ ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು.

ಯು.ಪಿ.ಎಸ್.ಸಿ.ಯವರೇ ನೋಡು, ಸಾಮಾನ್ಯ ವರ್ಗದವರಿಗೆ ಆರು ಸಲ, 32 ವರ್ಷ ಅಂತ ಗೆರೆ ಎಳೆದಿದ್ದಾರೆ. ಆಯೋಗಕ್ಕಿರುವ ಬುದ್ಧಿ ನಮಗೆ ಬೇಡವಾ? ಯುವನಿಧಿಯನ್ನೇ ತಗೋ. ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ 2024ರ ಜನವರಿ 12ರಂದು ಶುರುವಾದದ್ದು. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ. ಅದೂ ಹೆಚ್ಚೆಂದರೆ ಎರಡು ವರ್ಷ. ಪುಕ್ಕಟೆ ದುಡ್ಡು ಕೊಡುವವರೂ ಗಡುವು ಹಾಕಿಯೇ ಕೊಡುತ್ತಾರೆ.

ಹಾಗಾಗಿ ಪರೀಕ್ಷೆಯ ದಾರಿಯೇ ಹಿಡಿದರೆ ನಿನಗೂ ಎರಡು ವರ್ಷ. ಯಾವ ಯಾವ ಪರೀಕ್ಷೆ ಅಂತ ಮೊದಲೇ ಬರೆದಿಡು. ಬಿ.ಕಾಂ. ಓದಿದವನಿಗೆ ಬ್ಯಾಂಕಿನ ಪರೀಕ್ಷೆ ವಾಸಿ. ಅದನ್ನು ನಡೆಸುವ ಐ.ಬಿ.ಪಿ.ಎಸ್.ನವರ ಕ್ಯಾಲೆಂಡರ್ ಮೊದಲೇ ಬರುತ್ತದೆ, ಪರೀಕ್ಷೆ ವರ್ಷಾ ವರ್ಷ ನಡೆಯುತ್ತದೆ. ಕ್ಲರ್ಕ್ ಹುದ್ದೆಗೆ ಆ ರಾಜ್ಯದ ಭಾಷೆ ಓದಿ ಬರೆಯಲು ಬರಬೇಕು ಅಂತ ನಿಯಮವಿದೆ, ಅದರಲ್ಲಿ ನಿನಗೆ ತೊಂದರೆಯಿಲ್ಲ. ಕೆ.ಪಿ.ಎಸ್.ಸಿ. ಕರೆದಾಗ ಧಾರಾಳವಾಗಿ ಬರಿ. ಅದನ್ನೊಂದೇ ನಂಬಿ ಕೂರಬೇಡ.

ಇನ್ನು ಬೆಂಗಳೂರು. ವರ್ಷಕ್ಕೆ ಮೂರು ಲಕ್ಷ ಅಂತ ಕುಣಿದಾಡಿದ್ದೀಯ. ಕುಣಿ, ಬೇಡ ಅನ್ನಲ್ಲ. ಆದರೆ ಆಫರ್ ಲೆಟರನ್ನು ಒಂದು ಸಲ ಪೆನ್ನು ಹಿಡಿದು ಓದು. ಮೂರು ಲಕ್ಷ ಅಂದರೆ ತಿಂಗಳಿಗೆ 25,000. ಅದರಲ್ಲಿ ಬೇಸಿಕ್ 12,500 ಅಂತ ಇಟ್ಟುಕೋ. ಪಿ.ಎಫ್.ಗೆ ನಿನ್ನ ಪಾಲು ಶೇ. 12, ಅಂದರೆ 1,500. ಕಂಪನಿಯ ಪಾಲೂ 1,500. ಅದನ್ನೂ ಈ ಮೂರು ಲಕ್ಷದ ಒಳಗೇ ಸೇರಿಸಿರುತ್ತಾರೆ. ಗ್ರಾಚ್ಯುಟಿ ಅಂತ ಸುಮಾರು 600 ಬರೆದಿರುತ್ತಾರೆ, ಅದು ಕೆಲಸ ಬಿಡುವಾಗ ಕೊಡುವ ದುಡ್ಡು, ಕೈಗೆ ಬರುವ ದಿನ ಬೇರೆಯೇ. ಉಳಿಯುವುದು 21,400. ಇನ್ಶೂರೆನ್ಸ್ ಕಂತೋ, ವರ್ಷದ ಕೊನೆಗೆ ಕೊಡುವ ಬೋನಸ್ಸೋ ಇದರೊಳಗೇ ಇದ್ದರೆ ಇನ್ನೂ ಕಮ್ಮಿ. ಪಿ.ಜಿ.ಗೆ ಏಳೆಂಟು ಸಾವಿರ, ಓಡಾಟ, ಊಟ, ಊರಿಗೆ ಬರುವ ಬಸ್ಸು ರೈಲಿನ ಖರ್ಚು. ಮನೆಗೆ ಇಷ್ಟು ಕಳಿಸ್ತೀನಿ ಅಂತ ಈಗಲೇ ಅಮ್ಮನಿಗೆ ಮಾತು ಕೊಡಬೇಡ.

ಸಂಬಳ ಕಮ್ಮಿ ಅಂತ ನಾನು ಹೋಗಬೇಡ ಅನ್ನುತ್ತಿಲ್ಲ. ನನ್ನನ್ನು ಕೇಳಿದರೆ ಹೋಗು ಅನ್ನುತ್ತೇನೆ. ಇಪ್ಪತ್ತೊಂದು ವರ್ಷದ ಹುಡುಗ ಬಾಡಿಗೆ ಕಟ್ಟುವುದನ್ನು, ಬಾಸ್ ಹತ್ತಿರ ಬೈಸಿಕೊಳ್ಳುವುದನ್ನು ಕಲಿಯಬೇಕು. ಆದರೆ ಸಂಬಳಕ್ಕಿಂತ ಮೊದಲು ಇದನ್ನು ಕೇಳಿ ತಿಳಿದುಕೋ: ದಿನಾ ನಾನು ಮಾಡುವ ಕೆಲಸ ಏನು? ನನ್ನ ಕೆಲಸ ನೋಡಿ ತಿದ್ದುವವರು ಯಾರು? ಎಲ್ಲೋ ಇರುವ ಕಂಪನಿಯ ಬಿಲ್ಲುಗಳನ್ನು ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ತುಂಬುವುದಷ್ಟೇ ಆದರೆ, ಮೂರು ತಿಂಗಳಲ್ಲಿ ಕಲಿಯುವುದು ಮುಗಿದಿರುತ್ತದೆ. ಆಮೇಲೆ ಸುಮ್ನೆ ವರ್ಷ ಕಳೆಯುತ್ತದೆ. ಜಿ.ಎಸ್.ಟಿ. ರಿಟರ್ನ್ಸ್, ಬ್ಯಾಂಕ್ ರಿಕನ್ಸಿಲಿಯೇಶನ್ ಅಂದರೆ ಬ್ಯಾಂಕಿನ ಲೆಕ್ಕಕ್ಕೂ ಕಂಪನಿಯ ಪುಸ್ತಕಕ್ಕೂ ತಾಳೆ ನೋಡುವುದು, ಆಡಿಟ್‌ಗೆ ಪುಸ್ತಕ ತಯಾರು ಮಾಡುವುದು, ಇಂಥದ್ದು ಕೈಗೆ ಬಂದರೆ ಸಂಬಳ ಒಂದೆರಡು ಸಾವಿರ ಕಮ್ಮಿಯಾದರೂ ಪರವಾಗಿಲ್ಲ. ಇಂಗ್ಲಿಷಿನದ್ದು ದೊಡ್ಡ ಭಯ ಬೇಡ. ಆಫೀಸಿನ ಇಂಗ್ಲಿಷ್ ಅಂದರೆ ತಿರುಗಿಸಿ ಮುರುಗಿಸಿ ನೂರು ವಾಕ್ಯ, ಆರು ತಿಂಗಳಲ್ಲಿ ಬಾಯಿಗೆ ಬರುತ್ತದೆ.

ಬೆಂಗಳೂರು ಬಿಟ್ಟರೆ ಕೆಲಸವೇ ಇಲ್ಲ ಅನ್ನುವುದೂ ಸುಳ್ಳು. ಶಿವಮೊಗ್ಗದ ಯಾವುದಾದರೂ ಒಳ್ಳೆಯ ಆಡಿಟರ್ ಆಫೀಸಿನಲ್ಲಿ ಎರಡು ವರ್ಷ ಬೆನ್ನು ಬಗ್ಗಿಸಿದವನು ಎಲ್ಲಿ ಹೋದರೂ ಬದುಕುತ್ತಾನೆ. ಮಾಚೇನಹಳ್ಳಿಯ ಫೌಂಡ್ರಿಗಳಿಗೂ ಲೆಕ್ಕ ಬರೆಯುವವರು ಬೇಕು. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ಯಾಕೆಂದರೆ ಇವರ‍್ಯಾರೂ ಕ್ಯಾಂಪಸ್ಸಿಗೆ ಬ್ಯಾನರ್ ಕಟ್ಟಿಕೊಂಡು ಬರುವುದಿಲ್ಲ.

ಮೂರು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರು. ಕೆಲಸ ಕೊಡಿಸಲು ದುಡ್ಡು ಕೇಳಿದರೆ, ಟ್ರೈನಿಂಗ್ ಫೀಸು ಅಂದರೂ ಡಿಪಾಸಿಟ್ ಅಂದರೂ, ಅಲ್ಲಿಂದ ಎದ್ದು ಬಾ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಕೊಡಬೇಡ. ತೋರಿಸು, ಜೆರಾಕ್ಸ್ ಕೊಡು, ವಾಪಸ್ ತಗೋ. ಇನ್ನೊಂದು ಈಗ ಹೊಸದಾಗಿ ಶುರುವಾಗಿದೆ. "ನಿನ್ನ ಬ್ಯಾಂಕ್ ಅಕೌಂಟು ಒಂದು ತಿಂಗಳು ಕೊಡು, ಐದು ಸಾವಿರ ಕೊಡ್ತೀವಿ" ಅಂತ ಕಾಲೇಜು ಹುಡುಗರನ್ನು ಹಿಡಿಯುತ್ತಾರೆ. ಮೋಸದ ದುಡ್ಡು ನಿನ್ನ ಅಕೌಂಟಿನಲ್ಲಿ ಓಡಾಡುತ್ತದೆ, ಪೊಲೀಸರು ಬರುವುದು ನಿನ್ನ ಮನೆಗೆ. ಹಾಸ್ಟೆಲಿನಲ್ಲಿ ನಿನ್ನ ಸ್ನೇಹಿತರಿಗೂ ಇದನ್ನು ಹೇಳು.

ತೋಟದ ವಿಷಯ ಕೊನೆಗೆ ಇಟ್ಟೆ, ಯಾಕೆಂದರೆ ಅಲ್ಲಿ ಹೇಳುವುದು ಜಾಸ್ತಿ ಇದೆ. ಡಿಗ್ರಿ ಮಾಡಿ ತೋಟಕ್ಕೆ ಬಂದನಾ ಅಂತ ಆಡಿಕೊಳ್ಳುವವರು ಈಗ ಕಮ್ಮಿ. ಅಡಿಕೆಗೆ ರೇಟು ಬಂದ ಮೇಲೆ ಎಲ್ಲರ ಬಾಯಿಗೂ ಬೀಗ ಬಿತ್ತು. ಆದರೆ ರೇಟು ನೋಡಿ ಮಾತ್ರ ಬರಬೇಡ. 2014ರಲ್ಲಿ ಅಡಿಕೆ ರೇಟು ಎಲ್ಲಿಗೆ ಹೋಗಿತ್ತು, ಒಂದೆರಡು ವರ್ಷದಲ್ಲಿ ಎಲ್ಲಿಗೆ ಇಳಿಯಿತು ಅಂತ ನಿಮ್ಮಪ್ಪನನ್ನೇ ಕೇಳು. ಈಗ ಎಲೆಚುಕ್ಕಿ ರೋಗ ಬೇರೆ ಸೇರಿಕೊಂಡಿದೆ. ಕೊಳೆರೋಗಕ್ಕಾದರೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಅಂತ ಅಜ್ಜನ ಕಾಲದಿಂದ ಲೆಕ್ಕ ಇದೆ. ಎಲೆಚುಕ್ಕಿಗೆ ಅಷ್ಟು ಸಲೀಸಾದ ಲೆಕ್ಕ ಇಲ್ಲ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇರುವುದು ನಮ್ಮ ತಾಲ್ಲೂಕಿನಲ್ಲೇ. ತೋಟಕ್ಕೆ ಬರುವ ಮನಸ್ಸಿದ್ದರೆ ಮೊದಲು ಅಲ್ಲಿಗೆ ಒಂದು ದಿನ ಹೋಗಿ ಬಾ.

ತೋಟಕ್ಕೆ ಬಂದ ಹುಡುಗರಲ್ಲಿ ನಾನು ಕಂಡ ಕಷ್ಟ ರೋಗದ್ದಲ್ಲ, ರೇಟಿನದ್ದೂ ಅಲ್ಲ. ಕೈಯಲ್ಲಿ ದುಡ್ಡಿರುವುದಿಲ್ಲ. ಬೆಳಗ್ಗೆ ಆರಕ್ಕೆ ಎದ್ದು ಕತ್ತಲಾಗುವವರೆಗೆ ದುಡಿಯುತ್ತಾನೆ, ಬೈಕಿಗೆ ಪೆಟ್ರೋಲ್ ಹಾಕಿಸಲು ಅಪ್ಪನ ಮುಖ ನೋಡುತ್ತಾನೆ. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್‌ಗೆ ಹಾಕಿದ ಅಡಿಕೆಯ ದುಡ್ಡು ಅಪ್ಪನ ಖಾತೆಗೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ. ಯಾವ ಗೊಬ್ಬರ ಹಾಕಬೇಕು ಅಂತ ಒಂದು ಮಾತು ಹೇಳಿದರೆ "ನಿನಗೇನು ಗೊತ್ತು?" ಅನ್ನುತ್ತಾರೆ. ಸಂಬಂಧ ಕುದುರಿಸಲು ಹೋದರೆ ಹುಡುಗಿ ಕಡೆಯವರು ಕೇಳುವ ಮೊದಲ ಪ್ರಶ್ನೆಯೂ ಅದೇ, ಹುಡುಗನ ಹೆಸರಲ್ಲಿ ಏನಿದೆ? ನಮ್ಮ ಕಡೆ ಎಷ್ಟು ಹುಡುಗರಿಗೆ ಮದುವೆ ಆಗದೆ ಉಳಿದಿದೆ ಅಂತ ನಿನಗೇ ಗೊತ್ತು.

ಆದ್ದರಿಂದ ತೋಟಕ್ಕೆ ಬರುವುದಾದರೆ ಅಪ್ಪನ ಹತ್ತಿರ ಮೊದಲೇ ಕೂತು ಮಾತಾಡು. ತಿಂಗಳಿಗೆ ಇಷ್ಟು ಸಂಬಳ, ಇಲ್ಲವೇ ಬೆಳೆಯಲ್ಲಿ ಇಷ್ಟು ಪಾಲು, ನನ್ನ ಖಾತೆಗೆ. ಒಂದು ಎಕರೆಯ ತೀರ್ಮಾನ ಪೂರ್ತಿ ನನ್ನದು, ಕೆಟ್ಟರೂ ನನ್ನದು. ಹೀಗೆ ಕೇಳುವುದು ಅವಿಧೇಯತೆ ಅಂತ ನಿಮ್ಮಪ್ಪ ಮುಖ ಊದಿಸಿಕೊಳ್ಳಬಹುದು. ಊದಿಸಿಕೊಳ್ಳಲಿ, ಅವನನ್ನು ನಾನು ನೋಡಿಕೊಳ್ಳುತ್ತೇನೆ. ಈ ದಾರಿಗೆ ಮಾತ್ರ ಎರಡು ವರ್ಷದ ಗಡುವು ಸಾಲದು. ಹೊಸ ಸಸಿ ಇಟ್ಟರೆ ಫಸಲು ನೋಡಲು ಐದಾರು ವರ್ಷ ಬೇಕು. ಆದರೆ ಅಪ್ಪನ ಜೊತೆಗಿನ ಒಪ್ಪಂದಕ್ಕೆ ಒಂದು ಕೊಯ್ಲು ಸಾಕು. ಒಂದು ಕೊಯ್ಲು ಮುಗಿಯುವುದರೊಳಗೆ ನಿನ್ನ ಖಾತೆಗೆ ಏನೂ ಬರದಿದ್ದರೆ ಮುಂದಿನ ವರ್ಷವೂ ಬರುವುದಿಲ್ಲ ಅಂತ ತಿಳಿದುಕೋ.

ಆಫೀಸಿನಲ್ಲಿದ್ದವಳ ಒಂದೆರಡು ಮಾತು, ಇದನ್ನು ಈ ತಿಂಗಳೇ ಮಾಡು. ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡಿನಲ್ಲಿ ನಿನ್ನ ಇನಿಷಿಯಲ್ ಹೇಗಿದೆ, ಆಧಾರ್‌ನಲ್ಲಿ ಹೇಗಿದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೇಗಿದೆ ನೋಡು. ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು ಇದ್ದರೆ ಪಿ.ಎಫ್.ನಿಂದ ಪಾಸ್‌ಪೋರ್ಟ್‌ವರೆಗೆ ಎಲ್ಲ ಕಡೆ ಸಿಕ್ಕಿಕೊಳ್ಳುತ್ತೀಯ. ಹತ್ತನೇ ಕ್ಲಾಸಿನ ಕಾರ್ಡಿಗೆ ತಕ್ಕಂತೆ ಆಧಾರ್ ಸರಿಮಾಡಿಸುವುದು ಸುಲಭ, ಉಲ್ಟಾ ಮಾಡಲು ಹೋಗಬೇಡ. ಡಿಗ್ರಿ ಕಾರ್ಡಿನಲ್ಲಿ ತಪ್ಪಿದ್ದರೆ ಕಾಲೇಜಿನಲ್ಲಿ ಇರುವಾಗಲೇ ಅರ್ಜಿ ಕೊಡು. ಆಮೇಲಾದರೆ ಶಂಕರಘಟ್ಟದ ಬಸ್ಸು ಹತ್ತಿ ಯೂನಿವರ್ಸಿಟಿಗೆ ನೀನೇ ಅಲೆಯಬೇಕು. ಮತ್ತೆ, ಒಂದರಿಂದ ಹತ್ತನೇ ತರಗತಿವರೆಗೆ ನೀನು ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಎರಡಕ್ಕೂ ಮೀಸಲಾತಿ ಇದೆ. ಅದಕ್ಕೆ ಕೊಡಬೇಕಾದ ಸರ್ಟಿಫಿಕೇಟುಗಳಿಗೆ ಹೆಡ್‌ಮಾಸ್ಟರ್ ಸಹಿ ಬೇಕು, ಗ್ರಾಮೀಣದ್ದಕ್ಕೆ ಬಿ.ಇ.ಓ. ಸಹಿಯೂ ಬೇಕು. ನಮ್ಮ ಕಡೆ ಮಕ್ಕಳಿಲ್ಲದೆ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿವೆ. ನಿನ್ನ ಶಾಲೆಯ ಬಾಗಿಲು ತೆಗೆದಿರುವಾಗಲೇ ಹೋಗಿ ಮಾಡಿಸಿಕೋ.

ಕಾಲೇಜಿನ ಪರೀಕ್ಷೆ ಮುಗಿದ ಮಾರನೇ ಭಾನುವಾರ ಇಲ್ಲಿಗೆ ಬಾ. ಆಫರ್ ಲೆಟರ್ ತಾ, ನಿಮ್ಮ ಮಾವ ಇಷ್ಟು ದಿನ ಕೆಲಸ ಬಿಡುವ ಹಾಗಿಲ್ಲ ಅನ್ನುವ ಬಾಂಡ್ ಗೀಂಡ್ ಏನಾದರೂ ಇದೆಯಾ ಅಂತ ಸಾಲು ಸಾಲು ಓದುತ್ತಾರೆ, ಅವರಿಗೂ ಹೊತ್ತು ಹೋಗಬೇಕು. ಬರುವಾಗ ಒಂದು ಹಾಳೆಯಲ್ಲಿ ಎರಡೇ ಸಾಲು ಬರೆದುಕೊಂಡು ಬಾ: ಏನು ಮಾಡುತ್ತೀಯ, ಯಾವ ತಾರೀಖಿನವರೆಗೆ. ಅದರ ಕೆಳಗೆ ಅಪ್ಪನ ಹತ್ತಿರ ಸಹಿ ಹಾಕಿಸು. ಹಾಕದಿದ್ದರೆ ನನಗೆ ಫೋನ್ ಮಾಡು, ಸಾಗರದಿಂದ ಬೆಳಗಿನ ಮೊದಲ ಬಸ್ಸಿಗೆ ನಾನೇ ಬರುತ್ತೇನೆ.

ಇಂತಿ ನಿನ್ನ,
ಅತ್ತೆ