ಕಂದು ಕಂಡರೂ ನಂಬದವರಿಗೆ

ದೀರ್ಘಕಾಲದ ಹೆಪಟೈಟಿಸ್, ಸಿರೋಸಿಸ್, ಲಿವರ್ ಕ್ಯಾನ್ಸರ್‌ಗಳ ಅಂಗಾಂಶದಲ್ಲಿ ಗ್ರೋತ್ ಫ್ಯಾಕ್ಟರ್‌ಗಳನ್ನು (ಕೋಶಗಳಿಗೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನ್‌ಗಳನ್ನು), ಅವಕ್ಕೆ ಅಂಟುವ ಆ್ಯಂಟಿಬಾಡಿ ಹಾಕಿ, ಅಂಟಿದ ಕಡೆ ಕಂದು ಬಣ್ಣ ಬರಿಸಿ ಗುರುತಿಸುವ ನಮ್ಮ ಕೆಲಸದ ಕೊನೆಯ ಸ್ಲೈಡ್ ಓದಿ ಆಯಿತು. ವರದಿಯಲ್ಲಿ ಕೃತಜ್ಞತೆಗೆ ಸಿಗುವುದು ಎರಡು ಸಾಲು. ಋಣ ಅಷ್ಟರಲ್ಲಿ ಹಿಡಿಯುವುದಿಲ್ಲ.

ಮೊದಲ ನಮಸ್ಕಾರ ಅಂಗಾಂಶ ಕೊಡಲು ಒಪ್ಪಿದ ರೋಗಿಗಳಿಗೆ. ಸೂಜಿ ಬಯಾಪ್ಸಿಯಲ್ಲಿ ಬರುವುದು ದಾರದಂಥ ಒಂದು ಎಳೆ, ಇಡೀ ಲಿವರ್‌ನ ಸುಮಾರು 50,000ದಲ್ಲಿ ಒಂದು ಪಾಲು. ರೋಗನಿರ್ಣಯಕ್ಕೆ ಬಳಸಿ ಮಿಕ್ಕಿದ್ದರಲ್ಲೇ ನಮ್ಮ ಕೆಲಸವೆಲ್ಲ.

ಶಸ್ತ್ರಚಿಕಿತ್ಸಾ ಕೊಠಡಿಯವರಿಗೆ: ತೆಗೆದ ಗಡ್ಡೆಯನ್ನು ಇಡಿಯಾಗಿ ಡಬ್ಬಿಗೆ ಹಾಕದೆ, ಕೂಡಲೇ ಹೋಳು ಮಾಡಿಸಿ, 10% ಬಫರ್ಡ್ ಫಾರ್ಮಲಿನ್‌ನಲ್ಲಿ ಮುಳುಗಿಸಿದ್ದಕ್ಕೆ. ಫಾರ್ಮಲಿನ್ ಒಳಗಿಳಿಯುವುದು ನಿಧಾನ. ಇಡಿಯಾಗಿ ಹಾಕಿದರೆ ಅಂಚು ಮಾತ್ರ ಚೆನ್ನಾಗಿ ಉಳಿದು ನಡುಭಾಗ ಕೆಡುತ್ತದೆ. ಆಮೇಲೆ ಅಂಚಿನಲ್ಲಷ್ಟೇ ಬಣ್ಣ ಹಿಡಿದದ್ದನ್ನು ನೋಡಿ, ಗಡ್ಡೆ ಹರಡುವ ಕಡೆ ವಿಇಜಿಎಫ್ (ರಕ್ತನಾಳ ಬೆಳೆಸುವ ಗ್ರೋತ್ ಫ್ಯಾಕ್ಟರ್) ಹೆಚ್ಚಿದೆ ಎಂದು ಸಂಭ್ರಮಿಸುವುದೊಂದು ಬಾಕಿ!

ದೊಡ್ಡ ಋಣ ಅಂಗಾಂಶ ಕತ್ತರಿಸಿ ಬಣ್ಣ ಹಾಕುವ ಹಿಸ್ಟಾಲಜಿ ತಂತ್ರಜ್ಞರದು. ಲಿವರ್‌ನಷ್ಟು ಸುಳ್ಳು ಬಣ್ಣ ತೋರಿಸುವ ಅಂಗಗಳು ಕಡಿಮೆ. ಅದರ ಜೀವಕೋಶಗಳಲ್ಲೇ ಬಯೋಟಿನ್ ಎಂಬ ವಿಟಮಿನ್ ತುಂಬಿದೆ. ಫಾರ್ಮಲಿನ್ ಮರೆಮಾಡಿದ ಪ್ರೋಟೀನ್ ಮತ್ತೆ ಆ್ಯಂಟಿಬಾಡಿಗೆ ಸಿಗಲೆಂದು 4 ಮೈಕ್ರಾನ್ ಸೆಕ್ಷನ್ನನ್ನು (ತೆಳು ಪದರವನ್ನು) ಪಿಎಚ್ 6ರ ಸಿಟ್ರೇಟ್‌ನಲ್ಲಿ ಕಾಯಿಸಿದಾಗ ಅದೂ ತಲೆ ಎತ್ತುತ್ತದೆ. ಬಯೋಟಿನ್‌ಗೆ ಅಂಟುವ ಅವಿಡಿನ್‌ನಿಂದ ಬಣ್ಣ ಬರಿಸುವ ಅವಿಡಿನ್-ಬಯೋಟಿನ್ ವಿಧಾನ ಹಿಡಿದಿದ್ದರೆ ಆ್ಯಂಟಿಬಾಡಿ ಅಂಟದ ಕಡೆಯೂ ಕಂದು ಬರುತ್ತಿತ್ತು. ಅವರು ಬಯೋಟಿನ್ ಬೇಡದ ಪಾಲಿಮರ್ ವಿಧಾನ ಬಿಟ್ಟು ಕದಲಲಿಲ್ಲ. ಸಾಲದ್ದಕ್ಕೆ ಲಿಪೊಫ್ಯೂಸಿನ್ (ವಯಸ್ಸಾದ ಕೋಶಗಳಲ್ಲಿ ಕೂಡುವ ಬಣ್ಣ), ಪಿತ್ತದ ಬಣ್ಣ, ಕಬ್ಬಿಣದ ಕಣಗಳೂ ಕಂದಿನಲ್ಲೇ ಬೆರೆತು ಕಣ್ಣಿಗೆ ಮಣ್ಣೆರಚುತ್ತವೆ. ಅದಕ್ಕೇ ಪ್ರತಿ ಮಾದರಿಗೂ ಪ್ರೈಮರಿ ಆ್ಯಂಟಿಬಾಡಿ (ಗ್ರೋತ್ ಫ್ಯಾಕ್ಟರ್‌ಗೆ ನೇರ ಅಂಟುವುದು) ಹಾಕದ ಜೊತೆ ಸ್ಲೈಡ್ ಒಂದು, ಅನುಮಾನವಿದ್ದಲ್ಲಿ ಕಂದಿನ ಬದಲು ಎಇಸಿ ಎಂಬ ಕೆಂಪು ಬಣ್ಣ. ಆ ಕೆಂಪು ಆಲ್ಕೋಹಾಲಿನಲ್ಲಿ ಕರಗುತ್ತದಾದ್ದರಿಂದ ನೀರಿನ ಮೌಂಟಿಂಗೇ ಬೇಕು, ಅದನ್ನೂ ಮರೆಯಲಿಲ್ಲ.

ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ 0ರಿಂದ 300ರವರೆಗಿನ ಎಚ್-ಸ್ಕೋರ್ (ಬಣ್ಣದ ಗಾಢತೆ, ಬಣ್ಣ ಹಿಡಿದ ಕೋಶಗಳ ಪಾಲು ಎರಡನ್ನೂ ಸೇರಿಸಿದ ಅಂಕ) ಕೊಟ್ಟ ಇಬ್ಬರು ಪೆಥಾಲಜಿಸ್ಟರು ಕೇಳಿದ ಪ್ರಶ್ನೆಯೇ ಕೆಲಸದ ದಿಕ್ಕು ಬದಲಿಸಿತು: ಬಣ್ಣ ಬಂದ ಕೋಶವೇ ಅದನ್ನು ತಯಾರಿಸಿದ್ದೋ, ಹೊರಗಿನಿಂದ ಪಡೆದದ್ದೋ? ಎಚ್‌ಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ ಮುಖ್ಯವಾಗಿ ಲಿವರ್‌ನಲ್ಲಿ ನಾರು ತಯಾರಿಸುವ ಸ್ಟೆಲೇಟ್ ಕೋಶಗಳ ಉತ್ಪನ್ನ. ಹೆಪಟೊಸೈಟ್ (ಲಿವರ್‌ನ ಮುಖ್ಯ ಕೋಶ) ಅದನ್ನು ತನ್ನ ಮೇಲಿನ ಮೆಟ್ ಎಂಬ ರಿಸೆಪ್ಟರ್ ಮೂಲಕ ಪಡೆಯುತ್ತದೆ. ಹಾಗಾಗಿ ಆರ್‌ಎನ್‌ಎ ಇನ್-ಸಿಟು ಹೈಬ್ರಿಡೈಸೇಷನ್ (ಪ್ರೋಟೀನ್ ತಯಾರಿಸುವ ಕೋಶವನ್ನು ಅದರ ಆರ್‌ಎನ್‌ಎಯಿಂದ ಗುರುತಿಸುವ ವಿಧಾನ) ಸೇರಿಸಬೇಕಾಯಿತು. ಲಿವರ್‌ನಲ್ಲಿ ನಾರು ಹೆಚ್ಚಿಸುವ ಟಿಜಿಎಫ್-ಬೀಟಾ 1 ಇನ್ನೂ ಜಟಿಲ. ಅದು ನಾರಿನ ನಡುವೆ ನಿಷ್ಕ್ರಿಯ ರೂಪದಲ್ಲಿ ಅಡಗಿರುತ್ತದೆ. ಒಟ್ಟು ಪ್ರೋಟೀನ್ ಹಿಡಿಯುವ ಆ್ಯಂಟಿಬಾಡಿ ದಾಸ್ತಾನು ತೋರಿಸುತ್ತದೆ, ಚಟುವಟಿಕೆಯನ್ನಲ್ಲ. ಅದಕ್ಕೆ ನ್ಯೂಕ್ಲಿಯಸ್‌ನಲ್ಲಿ ಫಾಸ್ಫೋ-ಸ್ಮಾಡ್ 2 (ಟಿಜಿಎಫ್-ಬೀಟಾದ ಸೂಚನೆ ಮುಟ್ಟಿದಾಗ ಸಕ್ರಿಯವಾಗುವ ಪ್ರೋಟೀನ್) ನೋಡಬೇಕು.

ಸಂಖ್ಯಾಶಾಸ್ತ್ರದವರು ಒಂದೇ ರೋಗಿಯ ನಾಲ್ಕು ತುಣುಕುಗಳನ್ನು ನಾಲ್ಕು ರೋಗಿಗಳೆಂದು ಎಣಿಸಲು ಬಿಡಲಿಲ್ಲ, ಫಲಿತಾಂಶ ನೋಡಿದ ಮೇಲೆ ಕಟ್-ಆಫ್ (‘ಹೆಚ್ಚು’, ‘ಕಡಿಮೆ’ ಎಂದು ಬೇರ್ಪಡಿಸುವ ಅಂಕ) ಸರಿಸಲೂ ಬಿಡಲಿಲ್ಲ. ಬೇಸರವಾಗಿತ್ತು, ನಿಜ. ಆದರೆ ಅಂಗಾಂಶದಲ್ಲಿ ಮೆಟ್ ಹೆಚ್ಚಿದ್ದವರನ್ನೇ ಆರಿಸಿ ಮೆಟ್ ತಡೆಯಲೆಂದು ಟಿವಾಂಟಿನಿಬ್ ಎಂಬ ಔಷಧಿ ಕೊಟ್ಟ 3ನೇ ಹಂತದ ಪ್ರಯೋಗದಲ್ಲೂ ಆಯುಷ್ಯ ಹೆಚ್ಚಲಿಲ್ಲ ಎಂಬುದನ್ನು ನೆನೆದರೆ ಅವರ ಬಿಗಿ ಅರ್ಥವಾಗುತ್ತದೆ.

ಕೊನೆಗೆ, ಆ್ಯಂಟಿಬಾಡಿಯ ಲಾಟ್ (ತಯಾರಿಕೆಯ ಕಂತು) ಸಂಖ್ಯೆ, ಡೈಲ್ಯೂಷನ್ (ಎಷ್ಟು ತೆಳು ಮಾಡಿದ್ದು), ಸೆಕ್ಷನ್ ಕತ್ತರಿಸಿದ ದಿನ ಬರೆದಿಟ್ಟವರಿಗೆ. ಲಾಟ್ ಬದಲಾದರೆ ಅದೇ ಡೈಲ್ಯೂಷನ್‌ನಲ್ಲೂ ಬಣ್ಣ ಏರುಪೇರಾಗುತ್ತದೆ. ಕತ್ತರಿಸಿಟ್ಟ ಸೆಕ್ಷನ್ ಹಳತಾದಂತೆ ಅದರಲ್ಲಿ ಬರುವ ಬಣ್ಣ ಮಂಕಾಗುತ್ತದೆ. ಆ ಪುಸ್ತಕ ಈಗ ಬ್ಲಾಕ್‌ಗಳ (ಅಂಗಾಂಶ ಕೂರಿಸಿದ ಮೇಣದ ಅಚ್ಚುಗಳ) ಪಕ್ಕದಲ್ಲೇ ಇದೆ. ಮುಂದೆ ಇವೇ ಬ್ಲಾಕ್ ಕತ್ತರಿಸುವವರು ಮೊದಲು ಅದನ್ನು ತೆರೆಯಿರಿ.