ಪ್ಯಾನೆಲ್‌ನಲ್ಲಿ ಕೂರುವ ಮುಂಚೆ

ಚಿರಂಜೀವಿ ಸುಮಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನನ್ನು ಇಂಟರ್‌ವ್ಯೂ ಪ್ಯಾನೆಲ್‌ಗೆ ಹಾಕಿದ್ದಾರೆ ಅಂತ ಕೇಳಿ ಖುಷಿಯಾಯಿತು. ಆದರೆ ಕಂಪನಿಯಲ್ಲಿ ಮಾಡಿಸಿದ ಟೆಸ್ಟ್‌ನಲ್ಲಿ 'ಗಂಡಸರಿಗೆ ಆಫೀಸು, ಹೆಂಗಸರಿಗೆ ಮನೆ' ಅನ್ನುವ ಕಡೆ ನಿನ್ನ ಮನಸ್ಸು ವಾಲುತ್ತದೆ ಅಂತ ಬಂದಿದ್ದಕ್ಕೆ ಇಷ್ಟು ಕೊರಗಬೇಕಾ?

ಗ್ರೀನ್‌ವಾಲ್ಡ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ 'ಇಂಪ್ಲಿಸಿಟ್ ಅಸೋಸಿಯೇಶನ್ ಟೆಸ್ಟ್' ಬಗೆಯದು ಅದು, ನಮಗೇ ಗೊತ್ತಿಲ್ಲದ ಒಲವನ್ನು ಅಳೆಯಲು ಮಾಡಿದ್ದು. ಅದನ್ನು ಬೆಳೆಸಿದವರಲ್ಲಿ ಒಬ್ಬರಾದ ಮಹಜರೀನ್ ಬಾನಾಜಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಗೊತ್ತಾ? ಕಂಪ್ಯೂಟರಿನಲ್ಲಿ 'ಗಂಡಸು', 'ಆಫೀಸು' ಎರಡಕ್ಕೂ ಒಂದೇ ಕೀ ಒತ್ತುವುದಕ್ಕೆ ಹೋಲಿಸಿದರೆ, 'ಹೆಂಗಸು', 'ಆಫೀಸು' ಎರಡಕ್ಕೂ ಒಂದೇ ಕೀ ಒತ್ತಬೇಕಾದಾಗ ಬೆರಳು ಎಷ್ಟು ತಡವರಿಸುತ್ತದೆ ಅಂತ ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ಜಾಣ ಉಪಾಯವೇ. ಆದರೆ ಅದೇ ಮನುಷ್ಯ ಇನ್ನೊಂದು ದಿನ ಕೂತರೆ ಅಂಕ ಬದಲಾಗುವುದು ಮಾಮೂಲು. ಆ ಅಂಕ ನೋಡಿ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಅಂತ ಹೇಳುವುದಂತೂ ಕಷ್ಟ. ತುಂಬಾ ಜನರ ಸರಾಸರಿ ತಿಳಿಯಲು ಅದು ಸರಿ, ಅದನ್ನೇ ನಿನ್ನ ಜಾತಕ ಅಂದುಕೊಳ್ಳಬೇಡ.

ಅಳೆಯಲೇಬೇಕು ಅಂದರೆ ನೀನು ಯಾರನ್ನು ಕರೆದೆ, ಯಾರನ್ನು ಬಿಟ್ಟೆ ಅನ್ನುವುದನ್ನು ಅಳೆ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಅಟೆವೆಲ್ ನಮ್ಮ ದೇಶದಲ್ಲಿ ಮಾಡಿದ್ದು ಅದನ್ನೇ. ಪತ್ರಿಕೆಯಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಓದು, ಒಂದೇ ಅನುಭವ ಇರುವ ಅರ್ಜಿ ಕಳಿಸಿದರು. ಬದಲಾಯಿಸಿದ್ದು ಹೆಸರು ಮಾತ್ರ. 2007ರಲ್ಲಿ ಫಲಿತಾಂಶ ಬಂತು: ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಅಂದಾಜು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಆ ಅರ್ಜಿ ನೋಡಿದವರನ್ನು ಕೇಳಿದ್ದರೆ 'ನಾವು ಮೆರಿಟ್ ಬಿಟ್ಟು ಬೇರೇನೂ ನೋಡಲ್ಲ' ಅಂತಲೇ ಹೇಳುತ್ತಿದ್ದರೇನೋ.

ನಮ್ಮ ಮೇಷ್ಟ್ರುಗಳೂ ಕಮ್ಮಿ ಇಲ್ಲ ಬಿಡು. ಹನ್ನಾ, ಲಿಂಡೆನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ನಮ್ಮ ದೇಶದ ಶಿಕ್ಷಕರ ಕೈಯಲ್ಲೇ ಉತ್ತರ ಪತ್ರಿಕೆ ತಿದ್ದಿಸಿದರು. ಪ್ರತಿ ಪತ್ರಿಕೆಯ ಮೇಲೆ ಚೀಟಿ ಎತ್ತಿದ ಹಾಗೆ ಯಾವುದೋ ಒಂದು ಜಾತಿ ಬರೆದಿದ್ದರು. ಕೆಳಜಾತಿ ಅಂತಿದ್ದ ಪತ್ರಿಕೆಗೆ ಅಂಕ ಸ್ವಲ್ಪ ಕಮ್ಮಿ ಬಿತ್ತು. ಹಾಗೆ ಕಮ್ಮಿ ಹಾಕಿದ್ದು ಹೆಚ್ಚಾಗಿ ಕೆಳಜಾತಿಯ ಶಿಕ್ಷಕರೇ! ಇದನ್ನು ಓದಿದಾಗ ನಮ್ಮ ಸ್ಟಾಫ್‌ರೂಮ್ ನೆನಪಾಯಿತು. ಅಲ್ಲಿ ಯಾರೂ ಹೊಸಬರ ಜಾತಿ ಕೇಳುತ್ತಿರಲಿಲ್ಲ. 'ಯಾವೂರು? ಅಲ್ಲಿ ಯಾರ ಪೈಕಿ?' ಅಂದರೆ ಮುಗೀತು.

ಅದಕ್ಕೇ ಅರ್ಜಿ ನಿನ್ನ ಕೈಗೆ ಬರುವ ಮೊದಲೇ ಹೆಸರು, ಫೋಟೋ, ತಂದೆಯ ಹೆಸರು, ಊರು ತೆಗೆಸು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳು. 'ಮದುವೆ ಯಾವಾಗಮ್ಮ?' ಅಂತ ಯಾರಾದರೂ ಶುರು ಮಾಡಿದರೆ ಅಲ್ಲೇ ತಡೆ. ಪಕ್ಕದವರ ಮುಖ ನೋಡುವ ಮುಂಚೆ ನಿನ್ನ ಅಂಕ ಬರೆದುಬಿಡು. ಕನ್ನಡ ಮೀಡಿಯಂ ಹುಡುಗ ಇಂಗ್ಲಿಷಿನಲ್ಲಿ ತಡವರಿಸಿದರೆ, ಆ ಕೆಲಸಕ್ಕೆ ಅಷ್ಟು ಇಂಗ್ಲಿಷ್ ಬೇಕಾ ಅಂತ ಮೊದಲು ಯೋಚಿಸು. 'ನಮ್ಮ ಟೀಮ್‌ಗೆ ಸೆಟ್ ಆಗಲ್ಲ' ಅಂದವರನ್ನು ಸುಮ್ನೆ ಬಿಡಬೇಡ. ಯಾವ ಕೆಲಸ ಬರಲ್ಲ ಅಂತ ಬರೆದುಕೊಡಲಿ.

ಆಮೇಲೆ ಮೂರು ತಿಂಗಳಿಗೊಮ್ಮೆ ಲೆಕ್ಕ ತೆಗೆ. ಎಷ್ಟು ಜನ ಹೆಂಗಸರು ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಕರೆ ಹೋಯಿತು, ಯಾವ ಸುತ್ತಿನಲ್ಲಿ ಬಿದ್ದುಹೋದರು ಅಂತ. ಹೆಸರಿನ ಕಾಲಂ ಮರೆಮಾಡುವುದು ಎಕ್ಸೆಲ್‌ನಲ್ಲಿ ಎರಡು ನಿಮಿಷದ ಕೆಲಸವಂತೆ, ನಿನ್ನ ತಮ್ಮ ಹೇಳಿದ. ಟೈಮ್ ಇಲ್ಲ ಅನ್ನುವ ಎಚ್‌ಆರ್‌ನವರಿಗೆ ಇದನ್ನೇ ಹೇಳು.

ಇತಿ,
ನಿನ್ನ ದೊಡ್ಡಮ್ಮ