ರೊಟ್ಟಿ ಸದ್ದು ಸರಿ, ಹಾರ್ನ್ ಯಾಕೆ?

ಮಾನ್ಯರೇ,

ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯಲು ಶುರು ಮಾಡಿದರೆ ಸಾಕು, ನಾನು ಕಿವಿ ಮುಚ್ಚಿಕೊಂಡು ಒಳಗಿನ ಕೋಣೆಗೆ ಓಡುತ್ತೇನೆ. ಸ್ಟೀಲ್ ತಟ್ಟೆಗೆ ಚಮಚ ತಾಗಿದರೂ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗೆ. ಇದಕ್ಕೆ ಹೈಪರ್‌ಅಕ್ಯೂಸಿಸ್ ಅಂತಾರೆ, ಕಿವಿ ಚೆನ್ನಾಗಿ ಕೇಳಿಸುವವರಿಗೂ ಬರುತ್ತದೆ, ನಾಟಕವಲ್ಲ. ದಿನವಿಡೀ ಇಯರ್‌ಪ್ಲಗ್ ಹಾಕಿಕೊಂಡರೆ ಇನ್ನೂ ಜಾಸ್ತಿಯಾಗುತ್ತದೆ ಅಂತ ಡಾಕ್ಟರ್ ಬೈದರು.

ರೊಟ್ಟಿ ಬಡಿಯಬೇಡಿ ಅಂತ ಕಲಬುರಗಿಯಲ್ಲಿ ಯಾರಿಗೆ ಹೇಳಲಿ! ಆದರೆ ಸೂಪರ್ ಮಾರ್ಕೆಟ್ ಕಡೆ ಮುಂದಿನ ಗಾಡಿ ಕದಲಲು ಜಾಗವೇ ಇಲ್ಲದಿದ್ದರೂ ಸುಮ್ನೆ ಹಾರ್ನ್ ಒತ್ತುತ್ತಲೇ ಇರುವುದು, ರಾತ್ರಿ 10ರ ಮೇಲೂ ಓಣಿಯಲ್ಲಿ ಡಿಜೆ ಹಾಕುವುದು ಬೇಕಾ? 2000ರ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ ಮಿತಿ 45 ಡೆಸಿಬಲ್. ನಮ್ಮಲ್ಲಿ ಕಿಟಕಿ ಗಾಜೇ ನಡುಗುತ್ತದೆ.

– ಓದುಗ, ಕಲಬುರಗಿ